ಎತ್ತಿನ ಸೋಮವಾರವೂ ಮನುಷ್ಯನ ಭಾನುವಾರವೂ

ಸೋಮವಾರದ ದಿನ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬುದು ಹಳೆಯ ಮೈಸೂರು ಸೀಮೆಯ ರೈತರು ತಲೆಮಾರುಗಳಿಂದ ನಡಸಿಕೊಂಡು ಬಂದ ಕಟ್ಟಳೆ. ಆ ದಿನ ಬಸವಣ್ಣನದು. ಹದ ಕೈಮೀರುವಂತಿದ್ದರೂ ನೇಗಿಲು ಮನೆಯಲ್ಲಿಯೇ ಇರತಕ್ಕದ್ದು. ಉಳುವ ಯಂತ್ರಗಳು ಬಂದ ಮೇಲೆ ಎತ್ತುಗಳೇ ಕಡಮೆಯಾಗಿ, ಕಟ್ಟಳೆಯಿದ್ದರೂ ಅದನ್ನು ಅನುಭವಿಸುವ ಪ್ರಾಣಿಯಿಲ್ಲದಂತಾಗುತ್ತಿದೆ. ಆದರೂ ಅದರೊಳಗಿನ ವಿವೇಕವು ಗಮನಿಸತಕ್ಕದ್ದು. ಅದನ್ನು ಏರ್ಪಡಿಸಿದ ಹಿರಿಯರು, ಸೋಮವಾರ ಸುಮ್ಮನಿದ್ದುದಕ್ಕೆ ಪ್ರತಿಯಾಗಿ ಮಂಗಳವಾರ ಎಷ್ಟು ಸಾಲು ಹೆಚ್ಚಾಗಿ ಉಳುವೆಯೆಂದು ಎತ್ತನ್ನು ಕೇಳಲಿಲ್ಲ. ಬಿಡುವು ಅದಕ್ಕೆ ಸಲ್ಲಬೇಕಾದದ್ದು, ಆದುದರಿಂದ ಸಲ್ಲಿಸಿದರು. ಅಷ್ಟೆ.

ಸಂಸ್ಕೃತ ಪಾಠಶಾಲೆಗಳಲ್ಲಿಯೂ ಇದೇ ನ್ಯಾಯವಿದ್ದಿತು. ಪ್ರತಿಪತ್ತು, ಅಷ್ಟಮಿ ಮೊದಲಾದ ತಿಥಿಗಳು ಅನಧ್ಯಾಯ. ಅಕಾಲದಲ್ಲಿ ಗುಡುಗಿದರೂ ಅನಧ್ಯಾಯ. ಆ ದಿನ ಓದದಿದ್ದರೂ ನಡೆದೀತೆಂಬುದು ಶಾಸ್ತ್ರದ ಅಭಿಪ್ರಾಯವಲ್ಲ. ಓದಲೇ ಕೂಡದೆಂಬುದು ಅಭಿಪ್ರಾಯ. ವಿದ್ಯೆಗಿಂತ ಪವಿತ್ರವಾದದ್ದು ಮತ್ತೊಂದಿಲ್ಲವೆಂದು ನಂಬಿದ್ದ ಜನರೇ ಆ ವಿದ್ಯೆಗೂ ಒಂದು ಎಲ್ಲೆಯನ್ನು ಕಟ್ಟಿದ್ದರು.

ಎತ್ತಿಗೆ ಒಂದು ದಿನ, ವಟುವಿಗೆ ಒಂದು ದಿನ. ಇಂದಿನ ವಿದ್ಯಾವಂತ ಗೃಹಸ್ಥನಿಗೆ ಯಾವ ದಿನ? ಭಾನುವಾರವೆಂದು ಕಚೇರಿಯ ಕ್ಯಾಲೆಂಡರು ಹೇಳುತ್ತದೆ. ಆದರೆ ಆ ಭಾನುವಾರವು ಅವನ ಕೈಯಲ್ಲಿ ನಿಜವಾಗಿ ಉಳಿದಿದೆಯೆ ಎಂಬುದೇ ಪ್ರಕೃತ ವಿಚಾರ. ಬಿಡುವಿನ ದಿನ ಕುಂಚವನ್ನು ಹಿಡಿದು ಒಂದೆರಡು ಗಂಟೆ ಚಿತ್ರ ಬರೆಯುತ್ತ ಕುಳಿತರೆ ಮನಸ್ಸು ತಿಳಿಯಾಗುವುದೆಂಬ ಮಾತು ಈಚೆಗೆ ಹಲವರ ಬಾಯಲ್ಲಿದೆ. ಮಾತು ನಿಜವಾದದ್ದೇ. ಆದರೆ ಆ ನಿಜವನ್ನು ಬೇರೆ ಬೇರೆ ದಿಕ್ಕಿನಿಂದ ಕೆಡಿಸುವವರು ಕೆಲವರಿದ್ದಾರೆ. ಅವರ ಪಕ್ಷಗಳನ್ನು ಒಂದೊಂದಾಗಿ ಎತ್ತಿಕೊಂಡು ವಿಚಾರಿಸಬೇಕಾಗಿದೆ.

ಮೊದಲನೆಯ ಪಕ್ಷದವರು ಬಿಡುವೇ ಬೇಡವೆನ್ನುವವರು. 2023ರಲ್ಲಿ ದೇಶದ ಹೆಸರಾಂತ ಉದ್ಯಮಿಯೊಬ್ಬರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಮತ್ತೊಂದು ದೊಡ್ಡ ಸಂಸ್ಥೆಯ ಮುಖ್ಯಸ್ಥರು 90 ಗಂಟೆಯ ಮಾತನ್ನಾಡಿ, ಭಾನುವಾರವೂ ತಮ್ಮವರಿಂದ ದುಡಿಸಿಕೊಳ್ಳಲಾಗದುದಕ್ಕೆ ವಿಷಾದಪಟ್ಟರು. ಭಾನುವಾರವು ಆಕಾಶದಿಂದ ಉದುರಿದ ಫಲವೆಂದು ಇಂಥವರು ಭಾವಿಸಿರುವಂತೆ ತೋರುತ್ತದೆ. ಸಂಗತಿ ಹಾಗಲ್ಲ. ಮುಂಬಯಿಯ ಹತ್ತಿಗಿರಣಿಗಳಲ್ಲಿ ಕೂಲಿಯಾಳುಗಳು ವಾರದ ಏಳು ದಿನವೂ ದುಡಿಯುತ್ತಿದ್ದ ಕಾಲದಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ವಾರಕ್ಕೊಂದು ರಜ ಬೇಕೆಂದು ಹಲವು ವರ್ಷ ಹೋರಾಡಿದರು. ಗಿರಣಿಗಳ ಒಡೆಯರು ಕೊನೆಗೆ 1890ನೆಯ ಇಸವಿ ಜೂನ್ 10ರಂದು ಭಾನುವಾರದ ರಜವನ್ನು ಒಪ್ಪಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆಗಳ ಕಾನೂನೂ ಕಾರ್ಖಾನೆಯವರ ವಾರದ ರಜವನ್ನು ಕಟ್ಟಳೆಯಾಗಿ ಇರಿಸಿತು. ಹೀಗೆ ಬೆವರು ಸುರಿಸಿದವರು ಗಳಿಸಿಕೊಟ್ಟ ಆಸ್ತಿಯನ್ನು, ಕೂತು ಉಣ್ಣುವವರು ಮರಳಿ ಕೇಳುವುದು ಯಾವ ನ್ಯಾಯ?

ಉಳಿಸಿದ ಹೊತ್ತು ಎಲ್ಲಿಗೆ ಹೋಗುತ್ತದೆಂಬುದನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಮಾರ್ಗದಲ್ಲಿ ಮಂಡ್ಯವನ್ನು ದಾಟಿದ ಮೇಲೆ ಯಲಿಯೂರೆಂಬ ಸಣ್ಣ ನಿಲ್ದಾಣವಿದೆ. 2022ರ ನವೆಂಬರಿನಲ್ಲಿ ಈ ಮಾರ್ಗದಲ್ಲಿ ಓಡಲು ತೊಡಗಿದ ವಂದೇ ಭಾರತ ಬಂಡಿಗೆ ಇಂಥ ಊರಿನ ಹೆಸರನ್ನು ಓದುವಷ್ಟು ವ್ಯವಧಾನವೂ ಇಲ್ಲ. 2023ರ ಮಾರ್ಚಿ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಮಂತ್ರಿಗಳು 118 ಕಿಲೋಮೀಟರಿನ ಹೊಸ ಹೆದ್ದಾರಿಯನ್ನು ಲೋಕಾರ್ಪಣೆ ಮಾಡಿದಾಗ, ಬೆಂಗಳೂರು ಮೈಸೂರುಗಳ ನಡುವಣ ಮೂರು ಗಂಟೆಯ ದಾರಿ ಇನ್ನು 75 ನಿಮಿಷಕ್ಕೆ ಇಳಿಯುವುದೆಂದು ಸಾರಲಾಯಿತು. ಲೆಕ್ಕ ಹಾಕಿದರೆ 105 ನಿಮಿಷ ಉಳಿತಾಯ. ಆ 105 ನಿಮಿಷಗಳನ್ನು ಯಾರಾದರೂ ಜಗಲಿಯ ಮೇಲೆ ಕುಳಿತು ಕಳೆದದ್ದುಂಟೆ? ಉಳಿದ ಹೊತ್ತನ್ನು ಮತ್ತೊಂದು ಕೆಲಸ ನುಂಗಿತು. ವೇಗವು ಬಿಡುವನ್ನು ತರುವುದಿಲ್ಲ; ಬಿಡುವನ್ನು ಬಿಡುವೆಂದೇ ತೆಗೆದಿಡಬೇಕು.

ಹಾಗೆ ತೆಗೆದಿಟ್ಟ ಹೊತ್ತಿಗೆ ಚಿತ್ರ ಬರೆಯುವುದೇ ಏಕೆ ತಕ್ಕದ್ದು? ಕೂತು ನಿದ್ದೆ ಮಾಡಬಹುದು, ಫೋನನ್ನು ನೋಡುತ್ತ ಬಿದ್ದಿರಬಹುದು. ಉತ್ತರವು ಕುಂಚದ ಸ್ವಭಾವದಲ್ಲಿಯೇ ಇದೆ. ಯಲಿಯೂರಿನ ಒಬ್ಬ ಗುಮಾಸ್ತನು ಭಾನುವಾರ ಬೆಳಗ್ಗೆ ಕಬ್ಬಿನ ಗದ್ದೆಯ ಬದುವಿನ ಮೇಲೆ ಕಾಗದವನ್ನೂ ಬಣ್ಣದ ಡಬ್ಬಿಯನ್ನೂ ಇಟ್ಟುಕೊಂಡು ಕುಳಿತನೆಂದು ಭಾವಿಸೋಣ. ಕಬ್ಬು ಹಸಿರೆಂಬುದು ಅವನಿಗೆ ಹುಟ್ಟಿದಂದಿನಿಂದ ಗೊತ್ತು. ಆದುದರಿಂದ ಡಬ್ಬಿಯ ಹಸಿರನ್ನು ತೆಗೆದು ಬಳಿಯುತ್ತಾನೆ. ಬಳಿದ ಕೂಡಲೇ ತಪ್ಪು ಕಾಣುತ್ತದೆ. ಗರಿಯ ನಡುನರ ಬಿಳುಪು. ಬಿಸಿಲು ತಾಗಿದ ಮಗ್ಗುಲು ಹಳದಿ. ನೆರಳಿನ ಮಗ್ಗುಲು ನೀಲಿಗೆ ತಿರುಗಿದೆ. ಬುಡದಲ್ಲಿ ಒಣಗಿದ ಗರಿ ಹುಲ್ಲಿನ ಬಣ್ಣ. ಸೂಲಂಗಿ ಬಿಟ್ಟಿದ್ದರೆ ಅದರ ಮೇಲೆ ಬೂದಿಯಂಥ ಒಂದು ಹೊಳಪು. ನಲವತ್ತು ವರ್ಷ ದಿನವೂ ನೋಡಿದ ಗದ್ದೆಯನ್ನು ಅವನು ಅಂದು ಮೊದಲ ಸಲ ಕಂಡಂತಾಯಿತು. ಕಂಡದ್ದನ್ನು ತಿದ್ದಲು ಹೊರಟರೆ ಮೊದಲ ಬಣ್ಣ ಇನ್ನೂ ಒದ್ದೆ. ಆತುರಪಟ್ಟು ಎರಡನೆಯ ಬಣ್ಣವನ್ನು ಹಾಕಿದರೆ ಎರಡೂ ಕಲಸಿ ಕೆಸರಾಗುತ್ತದೆ. ಕಾಯಲೇಬೇಕು. ಯಾವ ಮೇಲಧಿಕಾರಿಯ ಹುಕುಮಿಗೂ ಒದ್ದೆಯ ಕಾಗದ ಬೇಗ ಆರುವುದಿಲ್ಲ. ವಾರವೆಲ್ಲ ಬೇಗ ಬೇಗನೆಂದು ಅಟ್ಟಿಸಿಕೊಂಡವನಿಗೆ ಇಲ್ಲಿ ನೀರೇ ಗುರುವಾಗಿ ತಾಳ್ಮೆಯನ್ನು ಕಲಿಸುತ್ತದೆ. ನಿದ್ದೆ ಮನಸ್ಸನ್ನು ಮರೆಯಿಸುತ್ತದೆ. ಫೋನು ಮನಸ್ಸನ್ನು ಚೆದರಿಸುತ್ತದೆ. ಕುಂಚವು ಮನಸ್ಸನ್ನು ಎಚ್ಚರವಾಗಿಯೇ ಇಟ್ಟು ಒಂದೆಡೆ ನಿಲ್ಲಿಸುತ್ತದೆ. ಭೇದ ಇದು.

ನಮ್ಮ ಹಿಂದಿನವರು ಈ ಮರ್ಮವನ್ನು ಬಲ್ಲವರಾಗಿದ್ದರು. ಮಾಲವಿಕಾಗ್ನಿಮಿತ್ರದಲ್ಲಿ ರಾಜನು ಮೊದಲು ಮಾಲವಿಕೆಯ ಚಿತ್ರವನ್ನು ನೋಡಿ, ಬಳಿಕ ಆಕೆಯನ್ನೇ ಕಂಡು, ಚಿತ್ರ ಬರೆದವನು ಸೋತನೆಂದು ತಿಳಿಯುತ್ತಾನೆ. ಆ ಸೋಲಿಗೆ ಕಾಳಿದಾಸನು ಕೊಡುವ ಹೆಸರು ಶಿಥಿಲಸಮಾಧಿ. ಕೈ ಸಾಲದೆಂದಲ್ಲ, ಬಣ್ಣ ಸಾಲದೆಂದಲ್ಲ, ಸಮಾಧಿ ಸಡಿಲವಾಯಿತೆಂದು. ಯೋಗಿಯ ವಿಷಯದಲ್ಲಿ ಆಡುವ ಮಾತನ್ನು ಕವಿಯು ಚಿತ್ರಕಾರನ ವಿಷಯದಲ್ಲಿ ಆಡಿದ್ದಾನೆ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಗೋಡೆಯನ್ನು ಹದಮಾಡುವುದು, ಕುಂಚ ಕಟ್ಟುವುದು, ಬಣ್ಣ ಬೆರಸುವುದು ಇವನ್ನೆಲ್ಲ ವಿವರಿಸಿದ ಗ್ರಂಥದ ಹೆಸರೇ ಮಾನಸೋಲ್ಲಾಸ. ರಾಜ್ಯಭಾರದ ನಡುವೆ ಅವನಿಗೆ ದೊರೆತ ಹೊತ್ತು ಇಂದಿನ ಕಚೇರಿಯವರಿಗೆ ದೊರೆಯದೆಂಬುದು ನಂಬತಕ್ಕ ಮಾತಲ್ಲ.

ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರ ಕ್ರಮವನ್ನು ನೋಡಿದರೂ ಇದೇ ತೋರುತ್ತದೆ. ಹುಣಿಸೆಯ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ಮೊದಲ ರೇಖೆ. ಅನಂತರ ಅಂಟೂ ಸಫೇದವೂ ಸೇರಿದ ಲೇಪದಿಂದ ಆಭರಣ, ಪ್ರಭಾವಳಿಗಳ ಉಬ್ಬುಗೆಲಸ. ಅದು ಹದವಾದ ಮೇಲೆ ಬಂಗಾರದ ರೇಕು. ಅದರ ಮೇಲೆ ತೆಳುವಾದ ಕಾಗದವಿಟ್ಟು ನುಣುಪಾದ ಕಲ್ಲಿನಿಂದ ಮೆಲ್ಲಗೆ ಉಜ್ಜುವುದು. ಒಂದು ಘಟ್ಟ ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ಇಂಥ ಪರಂಪರೆಯ ಮನೆಯಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಅಭ್ಯಾಸ ಮಾಡಿದ ಕೆ. ವೆಂಕಟಪ್ಪನವರು (1886–1965) ಉದಕಮಂಡಲದ ಮಂಜು, ಮುಗಿಲು, ಸಂಜೆಗಳನ್ನು ಜಲವರ್ಣದಲ್ಲಿ ಬರೆದರು. ಆ ಚಿತ್ರಗಳ ಮುಂದೆ ನಿಂತವನ ಉಸಿರೂ ತಾನಾಗಿ ನಿಧಾನವಾಗುತ್ತದೆ.

ಇನ್ನು ಎರಡನೆಯ ಪಕ್ಷ. ಇವರು ಬಿಡುವಿಗೆ ಶತ್ರುಗಳಲ್ಲ. ಮಿತ್ರರ ವೇಷದಲ್ಲಿ ಬರುವವರು. “ಭಾನುವಾರ ಚಿತ್ರ ಬರೆಯಲಿ, ಬೇಡವೆಂದವರಾರು? ಆದರೆ ಅದರಿಂದ ಏನಾದರೂ ಆಗಬೇಕಷ್ಟೆ” ಎನ್ನುವವರು. ಇವರ ಮನೆಯ ಮಗು ಬಣ್ಣದ ಡಬ್ಬಿಯನ್ನು ಮುಟ್ಟಿದ ಮರುವಾರವೇ ಭಾನುವಾರದ ಚಿತ್ರಕಲೆಯ ಕ್ಲಾಸಿಗೆ ಸೇರಿರುತ್ತದೆ. ಆಮೇಲೆ ಸ್ಪರ್ಧೆ, ಸ್ಪರ್ಧೆಯ ಮೇಲೆ ಪ್ರಶಸ್ತಿಪತ್ರ, ಅದರ ಮೇಲೆ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ. ಪರೀಕ್ಷೆಗಳು ಕೆಟ್ಟವೆಂದು ಇಲ್ಲಿ ಹೇಳುತ್ತಿಲ್ಲ. ಚಿತ್ರಕಲೆಯನ್ನೇ ವೃತ್ತಿಯಾಗಿ ಹಿಡಿಯುವವನಿಗೆ ಶಿಕ್ಷಣ ಬೇಕು, ಗುರು ಬೇಕು, ಪರೀಕ್ಷೆಯೂ ಬೇಕು. ಆದರೆ ಆರು ದಿನ ಅಂಕಗಳ ಗಾಣವನ್ನು ಸುತ್ತಿದ ಮಗುವಿಗೆ ಏಳನೆಯ ದಿನವೂ ಅದೇ ಗಾಣವನ್ನು ಬಣ್ಣ ಬಳಿದು ತೋರಿಸುವುದು ವಂಚನೆಯಲ್ಲವೆ? ಹಿರಿಯರ ಪಾಡೂ ಬೇರೆಯಿಲ್ಲ. ಅರ್ಧ ಬರೆದ ಚಿತ್ರವನ್ನು ಫೋನಿನಲ್ಲಿ ಹಿಡಿದು ಹತ್ತು ಕಡೆಗೆ ಕಳುಹಿಸಿ, ಯಾರು ಮೆಚ್ಚಿದರು, ಯಾರು ಮೆಚ್ಚಲಿಲ್ಲವೆಂದು ನಿಮಿಷಕ್ಕೊಮ್ಮೆ ಇಣುಕುವವನಿಗೆ ಶಾಂತಿ ಎಲ್ಲಿಂದ ಬಂದೀತು? ಕುಂಚವನ್ನು ಹಿಡಿದ ಕೈ ಒಂದು, ಭಿಕ್ಷಾಪಾತ್ರೆಯನ್ನು ಹಿಡಿದ ಕೈ ಇನ್ನೊಂದು.

ಶಾಂತಿಗೆ ಕೈಚಳಕ ಬೇಕಿಲ್ಲವೆಂಬುದಕ್ಕೆ ಹೊರಗಿನ ಪ್ರಮಾಣವೂ ಇದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಒಂದು ಪರಿಶೋಧನೆಯಲ್ಲಿ 39 ಜನ ವಯಸ್ಕರಿಗೆ ಬಣ್ಣ, ಜೇಡಿಮಣ್ಣು, ಕಾಗದಗಳನ್ನು ಕೊಟ್ಟು 45 ನಿಮಿಷ ಮನಬಂದಂತೆ ಏನನ್ನಾದರೂ ಮಾಡಲು ಬಿಟ್ಟರು. ಮನಸ್ಸಿನ ಬಿಗುವಿನೊಡನೆ ಏರುವ ಕಾರ್ಟಿಸಾಲ್ ಎಂಬ ದ್ರವ್ಯವು ಸುಮಾರು ಮುಕ್ಕಾಲು ಪಾಲು ಜನರಲ್ಲಿ ಇಳಿದಿತ್ತು. ಮೊದಲೇ ಅಭ್ಯಾಸವಿದ್ದವರಿಗೂ ಇಲ್ಲದವರಿಗೂ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. 39 ಜನರ ಮೇಲಿನ ಪರೀಕ್ಷೆಯಿಂದ ಲೋಕಕ್ಕೆಲ್ಲ ನಿಯಮವನ್ನು ಹೇಳಲಾಗದು. ಆದರೂ, ಮೊದಲು ಚೆನ್ನಾಗಿ ಕಲಿತು ಆಮೇಲೆ ಸುಖಪಡಬೇಕೆಂಬ ವಾದಕ್ಕೆ ಅದು ಅನುಕೂಲವಾಗಿಲ್ಲವೆಂಬುದು ಸ್ಪಷ್ಟ. ರವೀಂದ್ರನಾಥ ಠಾಕೂರರು ಚಿತ್ರದಲ್ಲಿ ತೊಡಗಿದ್ದು ಅರವತ್ತು ದಾಟಿದ ಮೇಲೆ. ಅವರ ಚಿತ್ರಗಳ ಮೊದಲ ಪ್ರದರ್ಶನ 1930ರಲ್ಲಿ ಪ್ಯಾರಿಸಿನಲ್ಲಿ ನಡೆಯಿತು. ಇಂಗ್ಲೆಂಡಿನ ಚರ್ಚಿಲ್ಲರು 1915ರಲ್ಲಿ ಅಧಿಕಾರ ಕಳೆದುಕೊಂಡು ಕುಗ್ಗಿದ್ದಾಗ, ತಮ್ಮ 40ನೆಯ ವಯಸ್ಸಿನಲ್ಲಿ ಮೊದಲ ಬಾರಿ ಕುಂಚ ಹಿಡಿದು ಚೇತರಿಸಿಕೊಂಡರು. ಈ ದೇಶದವರಿಗೆ ಅವರಲ್ಲಿ ಮೆಚ್ಚತಕ್ಕದ್ದು ಹೆಚ್ಚೇನೂ ಇಲ್ಲ. ಈ ಒಂದನ್ನು ಮೆಚ್ಚಬಹುದು.

ಹಾಗೆಂದು ಕುಂಚವು ಸರ್ವರೋಗಕ್ಕೂ ಮದ್ದೆಂದು ಸಾರುವುದೂ ಸಲ್ಲದು. ಮೇಘದೂತದ ಯಕ್ಷನು ಬಂಡೆಯ ಮೇಲೆ ಗೈರಿಕದಿಂದ ಪ್ರಿಯೆಯ ಚಿತ್ರ ಬರೆಯಲು ಹೋಗಿ, ಕಣ್ಣೀರು ದೃಷ್ಟಿಯನ್ನು ಮುಚ್ಚಿದುದರಿಂದ ಅದನ್ನು ಪೂರೈಸಲಾರದೆ ಹೋಗುತ್ತಾನೆ. ನಿಜವಾದ ಶೋಕವಿದ್ದವನಿಗೆ ಬಂಧುಗಳು ಬೇಕು. ವ್ಯಾಧಿಯಿದ್ದವನಿಗೆ ವೈದ್ಯ ಬೇಕು. ಚಿತ್ರದ ಕೆಲಸ ಇಷ್ಟೆ: ಆತುರದಿಂದ ಕದಡಿದ ಮನಸ್ಸನ್ನು ತಿಳಿಗೊಳಿಸುವುದು. ಇಷ್ಟನ್ನು ಮಾಡಿದರೂ ಬಹಳವಾಯಿತು.

ಮೂರನೆಯ ಪಕ್ಷವು ತೀರ ಈಚಿನದು. “ಈಗ ಯಂತ್ರಕ್ಕೆ ಒಂದು ಮಾತು ಹೇಳಿದರೆ ಗಳಿಗೆಯಲ್ಲಿ ಬೇಕಾದ ಚಿತ್ರವನ್ನು ಬರೆದುಕೊಡುತ್ತದೆ, ಭಾನುವಾರವನ್ನೇಕೆ ಹಾಳುಮಾಡಬೇಕು?” ಎಂದು ಇವರ ಪ್ರಶ್ನೆ. ಚಿತ್ರವು ಬೇಕಾದವನಿಗೆ ಯಂತ್ರ ಸಾಕು. ಚಿತ್ರ ಬರೆಯುವುದು ಬೇಕಾದವನಿಗೆ ಅದರಿಂದ ಏನು ಬಂತು? ನದಿಯಲ್ಲಿ ಮೀಯಬೇಕೆಂದವನಿಗೆ ನೀವು ಕೊಡ ನೀರು ತಂದು ಕೊಟ್ಟಂತಾಯಿತು. ಕಬ್ಬಿನ ಬದುವಿನ ಮೇಲೆ ಕುಳಿತವನಿಗೆ ದೊರೆತದ್ದು ಕಾಗದವಲ್ಲ, ಗದ್ದೆ.

ನಾಲ್ಕನೆಯ ಪಕ್ಷವೊಂದಿದೆ. ಅದು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. “ಇದೆಲ್ಲ ಉಂಡವರ ವಿಲಾಸ, ಕೂಲಿಗೆ ಹೋಗುವವರಿಗೆ, ಮನೆಯಲ್ಲಿ ಬೇಯುವವರಿಗೆ ಭಾನುವಾರ ಎಲ್ಲಿದೆ?” ಎಂಬುದು ಆ ಪಕ್ಷ. ಇದರಲ್ಲಿ ಸತ್ಯವಿದೆ, ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಅಪ್ರಾಮಾಣಿಕತೆ. ಕಬ್ಬು ಕಡಿಯುವ ಆಳಿಗೆ ವಾರದ ರಜವಿಲ್ಲ. ಕೂತ ದಿನ ಕೂಲಿಯಿಲ್ಲ. ಲೋಖಂಡೆಯವರು ಗಿರಣಿಯವರಿಗೆ ಗಳಿಸಿಕೊಟ್ಟದ್ದು ಗದ್ದೆಯವರಿಗೆ ಇನ್ನೂ ತಲಪಿಲ್ಲ. ಇದು ಬಿಡುವಿನ ವಿರುದ್ಧವಾದ ವಾದವಲ್ಲ. ಬಿಡುವನ್ನು ಇನ್ನೂ ಹೆಚ್ಚು ಜನಕ್ಕೆ ಸಲ್ಲಿಸಬೇಕೆಂಬುದಕ್ಕೆ ಪೋಷಕವಾದ ವಾದ.

ಕೂಲಿಯವರ ಮಾತು ಹಾಗಿರಲಿ. ಅದನ್ನು ಸರಿಪಡಿಸಲು ಸರ್ಕಾರ ಬೇಕು, ಕಾನೂನು ಬೇಕು. ಯಾವ ಕಾನೂನಿಗೂ ಕಾಯದೆ ಈ ಪತ್ರಿಕೆಯನ್ನು ಓದುವ ಮನೆಗಳವರು ತಾವೇ ಸರಿಪಡಿಸಬಹುದಾದದ್ದು ಒಂದಿದೆ. 2019ರಲ್ಲಿ ಕೇಂದ್ರ ಸರ್ಕಾರದವರು ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ದೇಶದಲ್ಲೆಲ್ಲ ಎಣಿಕೆ ಮಾಡಿಸಿದರು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ತೊಡಗಿದ್ದ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಅದರಲ್ಲಿಯೂ ಹೆಂಗಸರಲ್ಲಿ ನೂರಕ್ಕೆ 81 ಮಂದಿ ಈ ಕೆಲಸದಲ್ಲಿ ತೊಡಗಿದವರು. ಗಂಡಸರಲ್ಲಿ ನೂರಕ್ಕೆ 26. ಭಾನುವಾರ ಈ ಲೆಕ್ಕ ಇಳಿಯುವುದೆಂದು ಯಾರೂ ತಿಳಿಯಬೇಡಿ. ಅಂದು ಮನೆಯವರೆಲ್ಲ ಮನೆಯಲ್ಲಿಯೇ ಇರುತ್ತಾರೆ. ತಿಂಡಿ ಎರಡು ಬಗೆ, ಊಟ ವಿಶೇಷ, ಬಂದವರಿಗೆ ಕಾಫಿ. ಯಜಮಾನನು ಜಗಲಿಯಲ್ಲಿ ಬಣ್ಣ ಕಲಸುತ್ತ ಮನಶ್ಶಾಂತಿಯನ್ನು ಸಾಧಿಸುತ್ತಿರುವಾಗ ಒಳಗಿನಿಂದ ಬರುವ ಒಗ್ಗರಣೆಯ ಘಾಟು ಯಾರ ಭಾನುವಾರ ಸುಟ್ಟ ವಾಸನೆ? ಒಬ್ಬರ ದುಡಿಮೆಯನ್ನು ಇಮ್ಮಡಿಸಿ ಇನ್ನೊಬ್ಬರು ಪಡೆದ ಶಾಂತಿಗೆ ಶಾಂತಿಯೆಂಬ ಹೆಸರು ಸಲ್ಲುವುದಿಲ್ಲ.

ಇದರಲ್ಲಿ ಇನ್ನೊಂದು ವಿಡಂಬನೆಯೂ ಇದೆ. ಇಡೀ ಮನೆಯಲ್ಲಿ ರೇಖೆಯನ್ನು ಬಲ್ಲ ಕೈ ಯಾವುದು? ಸೂರ್ಯೋದಯಕ್ಕೆ ಮುಂಚೆ ಬಾಗಿಲಿಗೆ ನೀರು ಹಾಕಿ, ಬಗ್ಗಿ, ಬೆರಳುಗಳ ನಡುವಿನಿಂದ ಪುಡಿಯನ್ನು ಬಿಡುತ್ತ, ಚುಕ್ಕಿಯಿಂದ ಚುಕ್ಕಿಗೆ ಕೈ ನಡುಗದಂತೆ ಎಳೆ ಎಳೆಯುವ ಕೈ. ಅಳತೆಗೋಲಿಲ್ಲ, ಅಳಿಸುವ ರಬ್ಬರಿಲ್ಲ. ಹಸೆಯ ಮುಂದೆ, ತುಳಸಿಯ ಕಟ್ಟೆಯ ಮುಂದೆ ವರ್ಷಕ್ಕೆ ಮುನ್ನೂರರವತ್ತೈದು ದಿನ ಅಭ್ಯಾಸ ಮಾಡಿದ ಕೈ. ಚಿತ್ರಶಾಸ್ತ್ರದವರು ಪ್ರಮಾಣವೆಂದು ಹೇಳುವುದು ಆ ಕೈಗೆ ಯಾರೂ ಕಲಿಸದೆ ಬಂದಿದೆ. ಆದರೆ ಅದಕ್ಕೆ ಎಂದೂ ವ್ಯವಧಾನವಿಲ್ಲ. ಹಾಲಿನವನು ಬರುವುದರೊಳಗೆ, ಒಲೆಯ ನೀರು ಕಾಯುವುದರೊಳಗೆ ರಂಗವಲ್ಲಿ ಮುಗಿಯಬೇಕು. ಮುಗಿದದ್ದರ ಮೇಲೆ ಮೊದಲ ಬೈಸಿಕಲ್ಲು ಹೋಗಬೇಕು. ಮನೆಯ ಅತ್ಯುತ್ತಮ ಚಿತ್ರಕಾರಿಣಿಗೆ ಬಣ್ಣದ ಡಬ್ಬಿಯನ್ನು ಕೊಡದೆ, ಅದನ್ನು ರೇಖೆಯ ಅಆಇಈ ಅರಿಯದ ಯಜಮಾನನೇ ಹಿಡಿದು ಕೂರುವುದನ್ನು ನೋಡಿದರೆ ನಗು ಬರುತ್ತದೆ, ನಗುವಿನ ಹಿಂದೆ ನಾಚಿಕೆಯೂ ಬರುತ್ತದೆ.

“ಆಕೆಗೆ ಅದರಲ್ಲಿ ಆಸೆಯಿಲ್ಲ, ಕೆಲಸ ಮಾಡುವುದೇ ಆಕೆಗೆ ಸಂತೋಷ” ಎಂದು ಕೆಲವರು ಹೇಳುವುದುಂಟು. ನೊಗಕ್ಕೆ ಒಗ್ಗಿದ ಎತ್ತು ಸೋಮವಾರವೂ ತಾನಾಗಿ ನೊಗದ ಕಡೆಗೆ ಹೋಗಿ ನಿಲ್ಲಬಹುದು. ಅಭ್ಯಾಸವು ಆಸೆಯಲ್ಲ. ಒಂದು ಸಲ ಬಿಟ್ಟು ನೋಡಿ, ಅನಂತರ ಹೇಳತಕ್ಕದ್ದು.

ಆದುದರಿಂದ ಸಿದ್ಧಾಂತವಿಷ್ಟು. ಬಿಡುವಿನ ದಿನವು ದಾನವಲ್ಲ, ಸಲ್ಲಬೇಕಾದದ್ದು. ಆ ದಿನದ ಕುಂಚಕ್ಕೆ ಬಹುಮಾನವನ್ನೂ ಪ್ರಚಾರವನ್ನೂ ಕಟ್ಟಬಾರದು. ಕಟ್ಟಿದರೆ ಅದು ಇನ್ನೊಂದು ನೊಗ. ಮತ್ತು ಆ ದಿನವು ಮನೆಯವರೆಲ್ಲರದೂ ಆಗಬೇಕು. ಒಬ್ಬರದಾಗದಿದ್ದರೂ ಅದು ಯಾರದೂ ಅಲ್ಲ.

ಮಾಡಬೇಕಾದದ್ದೂ ಕಷ್ಟವಾದದ್ದಲ್ಲ. ಮುಂದಿನ ಭಾನುವಾರ ಬೆಳಗ್ಗೆ ಯಜಮಾನನೂ ಗಂಡುಮಕ್ಕಳೂ ಅಡಿಗೆಯ ಮನೆಯನ್ನು ವಹಿಸಿಕೊಳ್ಳಲಿ. ಒಂದು ಸಾರು, ಒಂದು ಅನ್ನ ಸಾಕು. ಅನ್ನ ತುಸು ತಳ ಹಿಡಿದರೆ ಆಕಾಶವೇನೂ ಬೀಳುವುದಿಲ್ಲ. ಫೋನುಗಳು ಗೂಡಿನಲ್ಲಿರಲಿ. ಜಗಲಿಯ ಮೇಲೆ ಒಂದು ಚಾಪೆ, ನಾಲ್ಕು ಹಾಳೆ ಕಾಗದ, ಒಂದು ಲೋಟ ನೀರು, ಒಂದು ಡಬ್ಬಿ ಬಣ್ಣ. ಬಾಗಿಲ ಮುಂದಿನ ಹೂವಿನ ಗಿಡವಾಗಲಿ, ದೂರದ ಆಲೆಮನೆಯ ಹೊಗೆಯಾಗಲಿ, ಕಣ್ಣಿಗೆ ಬಿದ್ದದ್ದನ್ನು ಆಕೆ ಬರೆಯಲಿ. ಬರೆಯದೆ ಸುಮ್ಮನೆ ಕುಳಿತರೆ ಕುಳಿತಿರಲಿ. ಚಿತ್ರ ಹೇಗೆ ಬಂತೆಂದು ಯಾರೂ ಕೇಳಕೂಡದು. ಕೇಳಬೇಕಾದದ್ದು, ಸಾರಿಗೆ ಉಪ್ಪು ಎಷ್ಟೆಂದು ಮಾತ್ರ.

ಮೂಕಪ್ರಾಣಿಗೆ ವಾರಕ್ಕೊಂದು ದಿನವನ್ನು ಕೇಳದೆಯೇ ಸಲ್ಲಿಸಿದ ಸೀಮೆ ಇದು. ಮಾತು ಬಲ್ಲವರಿಗೆ ಸಲ್ಲಿಸಲು ಇನ್ನು ಯಾವ ಶಾಸ್ತ್ರವನ್ನು ನೋಡಬೇಕು?